ಕುಬಸದ ಹೋಳಿಗೆಗೆ ಹಾಕಿದ ಸಿಹಿಪುಡಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೊದಲು ಎಲ್ಲರೂ ಬಾಯಿ ಸಿಹಿ ಮಾಡಿಕೊಳ್ಳಿ, ಆಮೇಲೆ ನಾನು ಹೆದರಿ ಸತ್ತ ಕಥೆ ಕೇಳಿ.

ಮಗಳಿಗೆ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತ್ತು. ಆದರೆ ನಮ್ಮ ಕಡೆ ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಬಂದ ಹೆಂಗಸರೆಲ್ಲ ಸಿಹಿ ತಿನ್ನಿಸಬೇಕು, ಬೇಡ ಎನ್ನುವಂತಿಲ್ಲ. ನನಗೂ ಅದೇ ಕಾಯಿಲೆ. ಸಕ್ಕರೆ ಬಿಟ್ಟು ಚಹಾಕ್ಕೆ ಹಾಕಿಕೊಳ್ಳುವ ಸಿಹಿಪುಡಿ ಮನೆಯಲ್ಲಿತ್ತು. ಬೆಲ್ಲದ ಬದಲು ಅದನ್ನೇ ಹೋಳಿಗೆಯ ಹೂರಣಕ್ಕೆ ಹಾಕಿ, ಎಲ್ಲರಿಗೂ ಹೇಳಿಯೇ ಬಡಿಸಿದೆ.

"ಸಕ್ಕರಿ ಇಲ್ಲವ್ವಾ, ಹೊಟ್ಟಿತುಂಬ ತಿನ್ನು" ಎಂದು ಮಗಳಿಗೆ ಒತ್ತಾಯ ಮಾಡಿದೆ.

ವಾರ ಕಳೆಯುವಷ್ಟರಲ್ಲಿ ಬಾಗೇವಾಡಿಯಿಂದ ಅವಳ ಅತ್ತೆಯ ಫೋನು. "ಅಕ್ಕಾರ, ಮೊಬೈಲಿಗೆ ಕಳಿಸೇನಿ, ನೋಡ್ರಿ. ಆ ಪುಡಿ ಇಲಿಗೋಳಿಗೆ ತಿನ್ನಿಸಿ ನೋಡ್ಯಾರಂತ. ಹೊಟ್ಟ್ಯಾಗಿನ ಕೂಸಿಗೆ ಕೇಡಂತ. ನಮ್ಮ ಸೊಸಿಗೆ ಏನ್ ತಿನ್ನಿಸಿ ಕುಂತ್ರಿ?"

ಅವರು ಕಳಿಸಿದ ವಿಡಿಯೋ ತೆರೆದೆ. ಬಿಳಿ ಕೋಟಿನವನೊಬ್ಬ ಮಾತುಮಾತಿಗೂ 'ಸಂಶೋಧನೆ' ಎನ್ನುತ್ತಿದ್ದ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವಳು ನಾನು. ತಿಳಿದದ್ದು ಇಷ್ಟೇ: ಇಲಿಗೆ ಕೇಡಾಯಿತು, ನಮ್ಮ ಕೂಸಿನ ಗತಿಯೇನು? ಅಂದಿನಿಂದ ಮಗಳು ಕೆಮ್ಮಿದರೂ ಎದ್ದು ಓಡುತ್ತಿದ್ದೆ. ಕೂಸು ಒದೆಯಿತೇ ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದೆ.

"ಯವ್ವಾ, ಅದಕ್ಕೂ ಒಂಚೂರು ಮಲಗಾಕ ಬಿಡ!" ಎಂದು ಬೈದಳು.

ತಪಾಸಣೆಗೆ ಇಂಡಿಯ ಆಸ್ಪತ್ರೆಗೆ ಹೋದಾಗ, ಹೊಟ್ಟೆತುಂಬ ಹೋಳಿಗೆ ತಿನ್ನಿಸಿದ್ದನ್ನೆಲ್ಲ ಹೇಳಿ ಡಾಕ್ಟರಬಾಯಿಯ ಮುಂದೆ ಮೊಬೈಲು ಹಿಡಿದೆ. ಅವರು ಪೂರ್ತಿ ನೋಡಿದರು.

"ಇಲಿಗೆ ಎಷ್ಟು ತಿನ್ನಿಸಿದ್ರಂತ ಇವ ಹೇಳ್ಯಾನೇನ್ರಿ?"

"ಇಲ್ರಿ."

"ಅದನ್ನ ಮೊದಲ ಕೇಳಬೇಕು. ಮನಷಾರು ತಿನ್ನೂದಕ್ಕಿಂತ ಭಾಳ ಹೆಚ್ಚು ಕೊಟ್ಟಿರ್ತಾರ ಒಮ್ಮೊಮ್ಮೆ."

"ಪುಡಿ ತಿನ್ನೋ ಮನಷಾರಿಗೂ ಬ್ಯಾನಿ ಹೆಚ್ಚಂತ ಇವ ಹೇಳ್ಯಾನಲ್ರಿ?"

"ಪುಡಿ ಯಾರ್ ತಿಂತಾರ? ನಿಮ್ಮಂಗ ಮೊದಲ ಬ್ಯಾನಿ ಇದ್ದವರ ಹೆಚ್ಚು. ನನ್ನ ದವಾಖಾನಿಗೆ ಬರೋರೆಲ್ಲ ಬ್ಯಾನಿಯವರ. ಹಂಗಂತ ನನ್ನ ಬಾಗಿಲಾ ದಾಟಿದ್ದಕ್ಕ ಬ್ಯಾನಿ ಬಂತೇನು?"

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. "ಹಂಗಾದ್ರ ಏನೂ ಆಗೂದಿಲ್ಲಂತ ಆಣಿ ಮಾಡ್ರಿ" ಎಂದೆ.

"ಆಣಿ ಮಾಡಾಕ ಬರೂದಿಲ್ಲ ಅವ್ವಾರ. ವರ್ಷಗಟ್ಟಲೆ ದಿನಾ ತಿಂದ್ರ ಏನಾಗತೈತಿ ಅನ್ನೂದು ಇನ್ನೂ ಪೂರಾ ತಿಳದಿಲ್ಲ. ಒಂದಿನದ ಪುಡಿಗೆ ಇಷ್ಟು ಅಂಜಬ್ಯಾಡ್ರಿ. ಆದ್ರ ಹೋಳಿಗಿಯೊಳಗಿನ ಹಿಟ್ಟು, ಬ್ಯಾಳಿನೂ ರಕ್ತದಾಗ ಸಕ್ಕರಿ ಏರಸ್ತಾವ. ಹೊಟ್ಟಿತುಂಬ ತಿನ್ನಂದ್ರಲ್ಲ, ಅಲ್ಲಿ ತಪ್ಪಿದ್ರಿ."

ಒಂದು ಅಂಜಿಕೆ ಇಳಿಯುವ ಮೊದಲೇ ಇನ್ನೊಂದು ಹತ್ತಿತು. ಅಂದಿನಿಂದ ಮಗಳ ತಟ್ಟೆಗೆ ರೊಟ್ಟಿಯೂ ಅಳತೆಯಲ್ಲೇ.

ಹೆರಿಗೆಯಾದ ದಿನ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ನೋಡಿದರು. ಅದು ಚೀರಿತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದೆ.

"ಕೂಸಿನ ಸಕ್ಕರಿ ಬರೊಬ್ಬರಿ ಐತ್ರಿ. ತೂಕಾನೂ ಛಲೋ ಐತಿ" ಎಂದರು ಡಾಕ್ಟರಬಾಯಿ. ಬಾಯೊಳಗಿನ ಸೆರಗು ತೆಗೆದೆ. ಅತ್ತೆನೋ ನಕ್ಕೆನೋ, ಈಗಲೂ ಹೇಳಲಾರೆ.

ಸಂಜೆ ಬಾಗೇವಾಡಿಯಿಂದ ಬೀಗತಿ ಬುತ್ತಿ ಹೊತ್ತು ಬಂದರು. ಆಸ್ಪತ್ರೆಯ ಕೋಣೆಯಲ್ಲೇ ಮಗಳ ಮಂಚದ ಸುತ್ತ ಎಲ್ಲರೂ ಕುಳಿತೆವು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಕೊನೆಗೆ ಹೋಳಿಗೆಯ ಡಬ್ಬಿ ತೆರೆದು, ಒಂದನ್ನು ಮುರಿದು ಚೂರು ನನ್ನ ತಟ್ಟೆಗೆ ಹಾಕಿದರು.

"ಬೆಲ್ಲದ್ದ ಐತ್ರಿ. ಅಜ್ಜಿಗೆ ಇಷ್ಟ ಸಾಕು."

"ನನಗವ್ವಾ?" ಎಂದಳು ಮಗಳು.

ನನ್ನ ಚೂರಿನಲ್ಲೇ ಅರ್ಧ ಮುರಿದು ಅವಳ ಬಾಯಿಗಿಟ್ಟೆ. ಮತ್ತೆ ಎಲ್ಲರೂ ರೊಟ್ಟಿ ಮುರಿದೆವು.