ಹಿಮದ್ವೀಪದ ಕೃಷಿ ಮಂತ್ರಿಯ ಹೊಲ

ಕೊರೊನಾ ಮುಗಿದ ಮರುವರ್ಷ ನಾನು ದಿನಪತ್ರಿಕೆಯೊಂದಕ್ಕೆ ಮಧುಗಿರಿಯಲ್ಲಿ ವರದಿಗಾರನಾಗಿದ್ದೆ. ಕೊರಟಗೆರೆಯೂ ನನ್ನ ವ್ಯಾಪ್ತಿಗೇ ಬರುತ್ತಿತ್ತು. ಕೋರ್ಟು, ಕೆರೆ ಹೂಳು, ಬಸ್ಸಿನ ತಕರಾರುಗಳ ನಡುವೆ ಒಂದು ದಿನ ವಿಚಿತ್ರ ಸುದ್ದಿ ಬಂತು. ಚನ್ನರಾಯನದುರ್ಗದ ಹತ್ತಿರದ ಹಳ್ಳಿಯ ಹೈಸ್ಕೂಲ್ ಮೇಷ್ಟ್ರು ಸಿದ್ದೇಶ, ದಕ್ಷಿಣ ಧ್ರುವದ ಬಳಿಯ ದ್ವೀಪವೊಂದರ ಕೃಷಿ ಮಂತ್ರಿಯಂತೆ.

ದ್ವೀಪವೇನೋ ನಿಜ. ಪೂರ್ತಿ ಹಿಮ, ಜನವಸತಿ ಇಲ್ಲ. ಅದು ತಮ್ಮದೆಂದು ಹೇಳಿಕೊಳ್ಳುತ್ತಿದ್ದುದು ಒಂದು ‘ಮೈಕ್ರೋನೇಷನ್’. ಅಂದರೆ ಕೆಲವರು ಇಂಟರ್‌ನೆಟ್‌ನಲ್ಲಿ ಸೇರಿ, ಧ್ವಜ ಮಾಡಿ, ಮಂತ್ರಿಗಳನ್ನು ನೇಮಿಸಿ ತಾವೇ ಘೋಷಿಸಿಕೊಂಡ ದೇಶ. ಯಾವ ಸರ್ಕಾರವೂ ಅದನ್ನು ಒಪ್ಪಿರಲಿಲ್ಲ. ಮಕ್ಕಳಿಗೆ ಭೂಪಟದ ರುಚಿ ಹತ್ತಿಸಲು ಸಿದ್ದೇಶ ಅದಕ್ಕೆ ಸೇರಿದ್ದ.

ನಾನು ಅವನ ಮನೆಗೆ ಹೋದ ಭಾನುವಾರವೇ ಪಾವಗಡದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬಂದಿದ್ದರು. ಹುಡುಗ ಹುಡುಗಿ ಆಗಲೇ ಒಪ್ಪಿಕೊಂಡಿದ್ದರು. ಹುಡುಗಿಯ ಅಜ್ಜಿ ನರಸಮ್ಮನವರು ಹೂಂ ಎಂದರೆ ಮಾತ್ರ ಮದುವೆ. ಅವರ ಕೈಯಲ್ಲಿದ್ದ ಫೋನಿನಲ್ಲಿ, ಧ್ವಜದ ಮುಂದೆ ಕೋಟು ತೊಟ್ಟು ನಿಂತ ಸಿದ್ದೇಶನ ಫೋಟೊ.

“ಏಮಪ್ಪಾ ಮಂತ್ರಿ, ನಿಮ್ಮ ದೇಶದಾಗೆ ಏನು ಬೆಳೀತಾರೆ?”

“ಏನೂ ಇಲ್ಲ ಅಜ್ಜಿ. ಬರೀ ಮಂಜುಗಡ್ಡೆ.”

“ಮತ್ತೆ ಕೃಷಿ ಮಂತ್ರಿಗೆ ಏನು ಕೆಲ್ಸ?”

“ಆರಾಮಾಗಿರ್ತಾನೆ.”

ಅಜ್ಜಿ ನಗಲಿಲ್ಲ. ನನ್ನ ಕಡೆ ತಿರುಗಿ, “ಪೇಪರ್‌ನೋರೇ, ಇಲ್ಲದ ದೇಶ ತನ್ದು ಅನ್ನೋನು ಇಲ್ಲದ ಹೊಲಾನೂ ತನ್ದು ಅಂತಾನೆ, ಅಲ್ವಾ?” ಎಂದರು.

ನಾನು ಹೋದದ್ದು ವರದಿಗೆ, ಜಾಮೀನು ನಿಲ್ಲಲು ಅಲ್ಲ. “ಹೊಲ ನೋಡೇ ಹೇಳಿ ಅಮ್ಮಾ” ಎಂದೆ.

ಎಲ್ಲರೂ ಹೊಲಕ್ಕೆ ನಡೆದೆವು. ಸಂಬಂಧ ತಪ್ಪೀತೆಂದು ಹೆದರಿದ್ದ ಸಿದ್ದೇಶನ ಸೋದರಮಾವ ರಂಗಪ್ಪ ಕೈ ಚಾಚಿ, “ಆ ದಾಳಿಂಬೆ ತೋಟದ ಗಂಟ ನಮ್ದೇ ಕಣಮ್ಮ” ಎಂದ. ಮನೆ ನೋಡುವ ದಿನ ಪಕ್ಕದವರ ತೋಟವನ್ನೂ ಸೇರಿಸಿ ತೋರಿಸುವುದು ನಮ್ಮ ಕಡೆ ಹೊಸದಲ್ಲ. ಆ ಹೊತ್ತಿಗೆ ಪಕ್ಕದವರೂ ಸುಮ್ಮನಿದ್ದು ಸಹಕರಿಸುತ್ತಾರೆ.

“ಇಲ್ಲ ಅಜ್ಜಿ. ನಮ್ದು ಈ ಹುಣಸೆ ಮರಕ್ಕೇ ಮುಗೀತು. ದಾಳಿಂಬೆ ಪಕ್ಕದ ಗಂಗಣ್ಣಂದು” ಎಂದ ಸಿದ್ದೇಶ.

ರಂಗಪ್ಪ ತಲೆ ಚಚ್ಚಿಕೊಂಡ. “ಲೇ, ಭೂಮಿ ತುದೀಲಿರೋ ದ್ವೀಪ ನಂದು ಅಂತೀಯ. ಪಕ್ಕದ ತೋಟ ನಮ್ದು ಅನ್ನಕ್ಕೆ ಬಾಯಿ ಬರಲ್ವೇನ್ಲಾ?”

“ಅದು ಆಟ ಅಂತ ಆಡೋರಿಗೆಲ್ಲ ಗೊತ್ತು ಮಾವ. ಇದನ್ನ ಅಜ್ಜಿ ನಂಬ್ಕೊಂಬುಡ್ತಾರೆ.”

ನರಸಮ್ಮನವರು ನಗಲು ಶುರುಮಾಡಿದವರು ಬದುವಿನ ಮೇಲೆ ಕುಳಿತೇಬಿಟ್ಟರು. “ರಂಗಪ್ಪಾ, ನೀನು ಸುಮ್ಕಿರು. ಹುಡುಗೀನ ಕೊಟ್ವಿ. ದೇಶಾನೂ ಇಟ್ಕೊಳ್ಳಲಿ. ಆದ್ರೆ ಮಂತ್ರೀ, ಅವಳನ್ನ ಆ ಮಂಜಿಗೆ ಮಾತ್ರ ಕರ್ಕೊಂಡು ಹೋಗ್ಬೇಡಪ್ಪಾ, ಮೊದ್ಲೇ ನೆಗಡಿ ಜಾಸ್ತಿ.” ರಂಗಪ್ಪನೂ ನಕ್ಕ. ಎಲ್ಲರಿಗಿಂತ ಜೋರಾಗಿ.

ಯಾರು ಏನು ಹೇಳಿದರೂ ದಾಖಲೆ ಕೇಳು, ಎದುರು ಪಕ್ಷದವರನ್ನೂ ಕೇಳು ಎಂದು ವೃತ್ತಿ ನನಗೆ ಮೊದಲೇ ಕಲಿಸಿತ್ತು. ನಿಜ ಹೇಳಿದರೆ ತನಗೇ ನಷ್ಟ ಎನ್ನುವಲ್ಲಿ ಮನುಷ್ಯ ಏನು ಹೇಳುತ್ತಾನೆಂದು ಗಮನಿಸಲು ಕಲಿತದ್ದು ಆ ಬದುವಿನ ಮೇಲೆ. ವರದಿಯಲ್ಲಿ ದ್ವೀಪದ ಬಗ್ಗೆ ‘ತಮ್ಮದೆಂದು ಹೇಳಿಕೊಳ್ಳುವ’ ಎಂದೇ ಬರೆದೆ. ಹೊಲದ ಬಗ್ಗೆ ಆ ಮಾತು ಸೇರಿಸಬೇಕಾಗಲಿಲ್ಲ.