ಕರುಗಳ ದೊಡ್ಡವ್ವ

ದೊಡ್ಡವ್ವನ ಬಲಗೈಯ ಎರಡು ಬೆರಳುಗಳು ಯಾವಾಗಲೂ ಚರ್ಮ ಸುಲಿದು ಕೆಂಪಗಿರುತ್ತಿದ್ದವು. ಆಗಷ್ಟೇ ಹುಟ್ಟಿದ ಎಮ್ಮೆಕರುಗಳಿಗೆ ಚೀಪುವುದನ್ನು ಕಲಿಸಲು ಅವಳು ಆ ಬೆರಳುಗಳನ್ನೇ ಹಾಲಿನಲ್ಲಿ ಅದ್ದಿ ಬಾಯಿಗೆ ಕೊಡುತ್ತಿದ್ದಳು. ಕರುವಿನ ನಾಲಿಗೆ ಅರದಷ್ಟು ಒರಟು. ಉರಿಯುವುದಿಲ್ಲವೇ ಎಂದು ಕೇಳಿದರೆ, "ಉರದ್ರ ಉರೀಲಿ, ಅದರ ಹೊಟ್ಟಿ ತುಂಬತೈತಲ್ಲ" ಅನ್ನುತ್ತಿದ್ದಳು.

ಅವಳು ನನ್ನ ತಾಯಿಯ ಅಕ್ಕ. ಅವ್ವ ತೀರಿಕೊಂಡ ಮೇಲೆ ನಾನು ಮುರಗೋಡದಲ್ಲಿ ಅವಳ ಮನೆಯಲ್ಲಿದ್ದು ಸಾಲಿ ಕಲಿತೆ. ದೊಡ್ಡವ್ವನ ಕೈಗುಣ ಊರಿಗೇ ಗೊತ್ತಿತ್ತು. ಯಾರದೇ ಮನೆಯ ಕರುವಿಗೆ ಜುಲಾಬು ಹತ್ತಿದರೂ ಮೊದಲು ಅವಳನ್ನು ಕರೆಯುತ್ತಿದ್ದರು. ಬೈಲಹೊಂಗಲದ ಔಷಧಿ ಅಂಗಡಿಯಿಂದ ತಂದಿಟ್ಟ ಗುಳಿಗೆ, ಸೂಜಿಮದ್ದು ಅವಳ ಹತ್ತಿರ ಸದಾ ಇರುತ್ತಿದ್ದವು. ಕರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇವತ್ತ ಸಾಯಬ್ಯಾಡಲೇ, ನನಗ ಪುರಸೊತ್ತಿಲ್ಲ" ಎಂದು ಗದರುತ್ತಾ ಸೂಜಿ ಹಾಕುತ್ತಿದ್ದಳು. ಸೆಗಣಿ ಗಟ್ಟಿಯಾದರೆ ಮದ್ದು ನಿಲ್ಲಿಸುತ್ತಿದ್ದಳು. ಉಳಿದದ್ದು ಮುಂದಿನ ಕರುವಿಗೆ.

ನಾನು ಮೇಷ್ಟ್ರಾಗಿ ಬೈಲಹೊಂಗಲಕ್ಕೆ ಬಂದ ಮೇಲೆ ಆ ಮದ್ದು ಸೋಲತೊಡಗಿತು. ಒಂದು ಮಳೆಗಾಲದಲ್ಲಿ ಅವಳ ಕೊಟ್ಟಿಗೆಯ ಕರುಗಳು ರಕ್ತ ಬೆರೆತ ಭೇದಿಯಾಗಿ ಒಂದರ ಹಿಂದೊಂದು ಸತ್ತವು. ಹೊಸ ಸೂಜಿ ಹಾಕಿದಳು, ಎರಡು ಬಗೆಯದನ್ನು ಕೂಡಿಸಿ ಹಾಕಿದಳು. ಯಾವುದೂ ನಾಟಲಿಲ್ಲ. ಕೊನೆಗೆ ದನದ ಡಾಕ್ಟರರು ಸೆಗಣಿಯನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ನಾನೂ ಅಲ್ಲಿದ್ದೆ.

"ಅವ್ವಾರ, ಈ ಕ್ರಿಮಿಗೆ ಕರುಳಾಗ ವಿಷ ಮಾಡೂ ಜೀನೂ ಅದಾವ, ಔಷಧ ತಡಕೊಳ್ಳೂ ಜೀನೂ ಅದಾವ," ಎಂದರು ಡಾಕ್ಟರು. "ಬರೇ ತಾನ ಇಟ್ಕೊಳ್ಳಂಗಿಲ್ಲ, ಬಾಜೂಕಿದ್ದ ಕ್ರಿಮಿಗೂ ಕೊಡತೈತಿ. ಮನಷ್ಯಾರಿಗೂ ಬರಬಹುದು."

ದೊಡ್ಡವ್ವ ಕೇಳಿದಳು: "ಅಂದ್ರ ಅದಕ್ಕ ಹಲ್ಲೂ ಅದಾವ, ಗುರಾಣಿನೂ ಐತಿ. ಆ ಗುರಾಣಿ ಕೊಟ್ಟಾಕಿ ನಾನ ಏನ್ರಿ?"

"ನೀವೊಬ್ಬರ ಅಲ್ರಿ. ಕ್ರಿಮಿ ಪೂರಾ ಸಾಯೂ ಮೊದಲ ಮದ್ದು ನಿಲ್ಲಿಸಿದವರು ಎಲ್ಲಾರೂ."

ಆ 'ಎಲ್ಲಾರೂ' ಅವಳಿಗೆ ಸಮಾಧಾನ ಕೊಡಲಿಲ್ಲ. ಅಂದಿನಿಂದ ಅವಳು ಸೂಜಿ ಮುಟ್ಟಲಿಲ್ಲ. ಅವಳ ಮಗನಿಗೆ ಆಗಷ್ಟೇ ಹೆಣ್ಣುಕೂಸು ಹುಟ್ಟಿತ್ತು. ಕೊಟ್ಟಿಗೆಯಲ್ಲಿ ದುಡಿಯುವ ಕೈಯಿಂದ ಕ್ರಿಮಿ ತಗುಲೀತೆಂದು ನನಗಷ್ಟೇ ಹೇಳಿ, ಮನೆಯವರಿಗೆ ಕೂಸನ್ನು ಎತ್ತಿಕೊಳ್ಳುವುದಿಲ್ಲ ಎಂದಷ್ಟೇ ಹೇಳಿಬಿಟ್ಟಳು. ಹೆಣ್ಣು ಹುಟ್ಟಿತೆಂದು ಅತ್ತೆಗೆ ಸಿಟ್ಟು ಎಂದು ಸೊಸೆ ತಿಳಿದಳು.

ಎದುರು ಮನೆಯ ಡ್ರೈವರನ ಹೆಂಡತಿಗೆ ಇದ್ದದ್ದು ಒಂದೇ ಎಮ್ಮೆ. ಅದರ ಕರುವಿಗೆ ಜುಲಾಬು ಹತ್ತಿದಾಗ ಅವಳು ಓಡಿ ಬಂದಳು. "ಅಕ್ಕಾರ, ಒಂದ ಸೂಜಿ ಹಾಕ್ರಿ."

"ಡಾಕ್ಟರನ್ನ ಕರಸು. ನಾ ಹಾಕಂಗಿಲ್ಲ."

ಡಾಕ್ಟರು ಬೇರೆ ಊರಿಗೆ ಹೋಗಿದ್ದರು, ಬರುವುದು ಮರುದಿನ. ದೊಡ್ಡವ್ವ ಉಪ್ಪು, ಸಕ್ಕರೆ ಕಲಸಿದ ನೀರು ಕುಡಿಸುತ್ತಾ ದಿನವಿಡೀ ಆ ಕರುವಿನ ಮಗ್ಗುಲಲ್ಲೇ ಕುಳಿತಿದ್ದಳು. ಹೊತ್ತು ಮುಳುಗುವ ಮೊದಲು ಅದು ಸತ್ತಿತು.

"ನಿಮ್ಮ ಕರಾ ಆಗಿದ್ರ ಹಾಕತಿದ್ರಿಲ್ಲ?" ಎಂದಳು ಎದುರು ಮನೆಯವಳು. ದೊಡ್ಡವ್ವ ಎದ್ದು ಬಂದಳು. ಸೂಜಿ ಹಾಕಿದ್ದರೆ ಆ ಕರು ಬದುಕುತ್ತಿತ್ತೋ ಏನೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಆಮೇಲೆ ಓಣಿಯಲ್ಲಿ ಅವಳನ್ನು ಯಾರೂ ಕರೆಯಲಿಲ್ಲ.

ಮುಂದಿನ ಶ್ರಾವಣದಲ್ಲಿ ಅವಳಿಗೇ ಭೇದಿ ಶುರುವಾಯಿತು. ಎರಡು ದಿನ ಯಾರಿಗೂ ಹೇಳಲಿಲ್ಲ. ಜ್ವರ ಏರಿ ಮಾತು ತೊದಲತೊಡಗಿದಾಗ ಬೆಳಗಾವಿಯ ಆಸ್ಪತ್ರೆಗೆ ಒಯ್ದೆವು. ನಂಜು ರಕ್ತಕ್ಕೆ ಸೇರಿತ್ತು. ಒಂದು ಮದ್ದು ಸೋತರೆ ಇನ್ನೊಂದು ಕೊಟ್ಟರು, ಅದೂ ಸೋತಿತು. ಕರುವಿನಿಂದಲೇ ಬಂತೇ ಎಂದು ಕೇಳಿದೆ. ಹಾಗೆಂದು ಖಾತ್ರಿಯಾಗಿ ಹೇಳಲಾಗದು ಎಂದರು ವೈದ್ಯರು. ದೊಡ್ಡವ್ವ ಮಾತ್ರ ಕಣ್ಣು ಮುಚ್ಚಿಕೊಂಡೇ, "ನನಗ ಗೊತ್ತೈತಿ" ಅಂದಳು.

ಕಡೆಯ ದಿನ ಸೊಸೆ ಅಳುತ್ತಾ ಕೂಸನ್ನು ಎತ್ತಿಕೊಂಡು ಬಂದಳು. ಒಮ್ಮೆಯಾದರೂ ಅತ್ತೆ ಮುಟ್ಟಲಿ ಎಂದು ಹಾಸಿಗೆಯ ಮೇಲೆ ಬಾಗಿದಳು. ದೊಡ್ಡವ್ವ ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು. "ದೂರ ಒಯ್ಯವಾ ಅದನ್ನ, ದೂರ ಒಯ್ಯಿ," ಎಂದು ಗೋಡೆಯ ಕಡೆ ಹೊರಳಿದಳು. ಅವಳು ಅಳುತ್ತಿದ್ದುದು ಗೋಡೆಯ ಬದಿಗೆ ನಿಂತಿದ್ದ ನನಗೆ ಮಾತ್ರ ಕಂಡಿತು. ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟಳು.

ಆ ಕೂಸು ಈಗ ಅಂಗಳದ ತುಂಬ ಓಡಾಡುತ್ತಾಳೆ. ಅಜ್ಜಿ ನಿನ್ನನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ ಎಂದು ಮುಂದೆ ಯಾರಾದರೂ ಅವಳಿಗೆ ಹೇಳಿಯೇ ಹೇಳುತ್ತಾರೆ. ಯಾಕೆಂದು ಹೇಳುವವನು ನಾನೊಬ್ಬನೇ ಉಳಿದಿದ್ದೇನೆ. ಅವಳು ಓದಲು ಕಲಿಯುವ ಹೊತ್ತಿಗೆ ನಾನಿಲ್ಲದಿದ್ದರೂ ಇರಲಿ ಎಂದು ಇದನ್ನು ಬರೆದಿಟ್ಟಿದ್ದೇನೆ.