ರಟ್ಟೆಯ ಸಂಬಂಧ

ನಗರದ ನಕ್ಷೆ ಕಚೇರಿಯಲ್ಲಿ ಅವಳಿಗೆ ಸಂಬಂಧದಕ್ಕ ಎಂದೇ ಹೆಸರು. ಮದುವೆ ಕುದುರಿಸುವವಳಲ್ಲ. ಊರಿನ ಮನೆ, ಬೀದಿ, ಮೋರಿ, ದೀಪದ ಕಂಬಗಳನ್ನೆಲ್ಲ ಕಂಪ್ಯೂಟರಿನ ಒಂದೇ ಬಲೆಗೆ ತರುವಾಗ ಯಾವುದು ಯಾವ ಬಗೆಯದು, ಒಂದಕ್ಕೂ ಇನ್ನೊಂದಕ್ಕೂ ಏನು ನಂಟು ಎಂದು ಗೊತ್ತುಪಡಿಸುವವಳು. ಸೇತುವೆಯನ್ನು ರಸ್ತೆಯವರು ರಸ್ತೆ ಎನ್ನುತ್ತಿದ್ದರು, ನದಿಯವರು ಅಡ್ಡಿ ಎನ್ನುತ್ತಿದ್ದರು. ಇಬ್ಬರನ್ನೂ ಕೂರಿಸಿ, 'ರಸ್ತೆಯನ್ನು ಹೊರುತ್ತದೆ, ನದಿಯನ್ನು ದಾಟುತ್ತದೆ' ಎಂದು ಬರೆದು ರಾಜಿ ಮಾಡಿಸಿದ್ದಳು. ಯಾರೇನು ಕೇಳಿದರೂ ಈ ನಂಟುಗಳ ಎಳೆ ಹಿಡಿದೇ ಬಲೆ ಉತ್ತರ ಹುಡುಕುತ್ತಿತ್ತು.

ಒಂದು ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದಾಗ ಗುಡ್ಡದ ಓಣಿಯಿಂದ ನಾದಿನಿಯ ಫೋನು ಬಂತು.

"ಅತ್ತಿಗೆ, ನಮ್ಮ ಓಣಿಯ ಬೀದಿ ನಲ್ಲೀನ ಕಿತ್ತುಹಾಕ್ತಾರಂತೆ! ಯಾರೂ ಬಳಸಲ್ಲ ಅಂತ ನಿಮ್ಮ ಕಂಪ್ಯೂಟರೇ ಹೇಳ್ತಂತೆ. ದಿನಾ ಕ್ಯಾನು ಹೊತ್ಕೊಂಡು ಮೆಟ್ಟಿಲು ಹತ್ತೋದು ನಾನಲ್ದೆ ನನ್ನ ದೆವ್ವಾನಾ?"

ಅವಳು ಸಿಂಕಿನ ನಲ್ಲಿ ನಿಲ್ಲಿಸಿದಳು. ತಟ್ಟನೆ ಹೊಳೆಯಿತು. ಮನೆಗೂ ನೀರಿಗೂ ತಾನು ಬರೆದಿದ್ದ ನಂಟು ಒಂದೇ: ಪೈಪು. ಆ ಓಣಿಯ ಮನೆಗಳಿಗೆ ಪೈಪಿಲ್ಲ. ಬಲೆಯಲ್ಲಿ ಆ ನಲ್ಲಿಯಿಂದ ಒಂದು ಎಳೆಯೂ ಹೊರಟಿರಲಿಲ್ಲ. ಈ ಅಡುಗೆಮನೆಯಲ್ಲಿ ತಿರುಗಿಸಿದರೆ ನೀರು ಬರುತ್ತದೆ, ಎಲ್ಲೆಡೆಯೂ ಹಾಗೇ ಎಂದು ಬಗೆದುಬಿಟ್ಟಿದ್ದಳು.

"ಸೌಟೆಲ್ಲಿಟ್ಟಿದೀಯ?" ಗಂಡ ಕೂಗಿದ.

"ಈ ಮನೆ ನಕ್ಷೆಗೆ ಇವತ್ತು ರಜ. ಹುಡುಕ್ಕೊಳ್ಳಿ," ಎಂದು ಚಪ್ಪಲಿ ಮೆಟ್ಟಿದಳು.

ಕಚೇರಿಯಲ್ಲಿ ಅವಳ ಮಾತು ಕೇಳಿ ನೀರಿನ ಇಲಾಖೆಯ ಇಂಜಿನಿಯರ್ ನಕ್ಕ. "ಪೈಪೇ ಇಲ್ಲ. ಮನೆಗೂ ನಲ್ಲಿಗೂ ಇನ್ನೆಂಥ ಸಂಬಂಧ, ಅಕ್ಕಾ?"

"ರಟ್ಟೆಯ ಸಂಬಂಧ." ಬೋರ್ಡಿನ ಮೇಲೆ 'ಹೊತ್ತು ತರುವುದು' ಎಂದು ಬರೆದಳು. ಕೆಳಗೆ: ಎಲ್ಲಿಂದ, ಯಾವ ಮನೆಗೆ, ಎಷ್ಟು ಏರು, ಹೊರುವವರು ಯಾರು.

"ಯಾರು ಅನ್ನೋದ್ಯಾಕೆ? ನೀರು ಬಂದ್ರಾಯ್ತಲ್ಲ."

"ನೀರಿಗೆ ಕಾಲಿಲ್ಲ ಸರ್. ನಿಮ್ಮ ಪೈಪಿನ ಅಳತೆ, ವಯಸ್ಸು ಎಲ್ಲಾ ಬರೆಸಿದ್ರಿ. ಇವರನ್ನ ಬರೆಯೋಕೆ ಮಾತ್ರ ಜಾಗ ಸಾಲಲ್ವಾ?"

ಇಂಜಿನಿಯರ್ ಸರ್ವೆಗೆ ಒಪ್ಪಿಗೆ ಬರೆದುಕೊಟ್ಟ. ಸರ್ವೆಯವರು ಓಣಿಯ ಮನೆಮನೆಗೂ ಹೋಗಿ ಕೇಳಿ ಬಂದರು. ಅದನ್ನೆಲ್ಲ ಬಲೆಗೆ ತುಂಬಿಸಿ, ಅವನೆದುರೇ ಅದೇ ಪ್ರಶ್ನೆ ಹಾಕಿದಳು: ಈ ನಲ್ಲಿ ಯಾರಿಗೆ ಬೇಕು? ನಲ್ಲಿಯಿಂದ ಹೊರಟ ಎಳೆಗಳು ಓಣಿಯ ತುತ್ತತುದಿಯ ಮನೆಯವರೆಗೂ ಹಬ್ಬಿದವು. ನಲ್ಲಿ ಕೀಳುವ ಆದೇಶವನ್ನು ಅವನೇ ರದ್ದು ಮಾಡಿದ.

ಸಂಜೆ ನಾದಿನಿಯ ಫೋನು. "ನಲ್ಲಿ ಉಳೀತು ಅತ್ತಿಗೆ! ಆದ್ರೆ ನಮ್ಮನೆಯವರದ್ದು ಒಂದೇ ರಗಳೆ. ಹೊರೋರು ಅಂತ ನನ್ನೊಬ್ಬಳನ್ನೇ ಬರ್ಕೊಂಡು ಹೋದ್ರಂತೆ. ತನ್ನನ್ನೂ ಸೇರಿಸ್ಬೇಕಂತೆ."

"ಸೇರಿಸೋಣ, ಅದಕ್ಕೇನು," ಎಂದಳು ಸಂಬಂಧದಕ್ಕ. "ನಾಳೆಯಿಂದ ಕ್ಯಾನು ಹೊರೋಕೆ ಹೇಳು."